ಮೇಲೆ ಐಸ್ ಆಗುತ್ತೆ, ಕೆಳಗೆ ಹಾಲು ಒಡೆಯುತ್ತೆ: ಫ್ರಿಜ್‌ಗೆ ಗ್ಯಾಸ್ ತುಂಬಿಸಬೇಕಾ?

ಡಬಲ್ ಡೋರ್ ಫ್ರಾಸ್ಟ್ ಫ್ರೀ ಫ್ರಿಜ್, ಫ್ರೀಜರ್‌ನಲ್ಲಿ ಐಸ್ ಆಗುತ್ತಿದೆ, ಕೆಳಗಿಟ್ಟ ಹಾಲು ಮಾತ್ರ ಕೆಡುತ್ತಿದೆ, ಬಂದ ಮೆಕ್ಯಾನಿಕ್ ಬಾಗಿಲು ತೆಗೆದು ನೋಡಿ ಗ್ಯಾಸ್ ಖಾಲಿ ಅಂದಿದ್ದಾರೆ. ಸದ್ಯಕ್ಕೆ ಗ್ಯಾಸ್ ತುಂಬಿಸಬೇಡಿ. ಈ ಲಕ್ಷಣಕ್ಕೆ ನನ್ನ ಮೊದಲ ಅನುಮಾನ ಡಿಫ್ರಾಸ್ಟ್, ಅಂದರೆ ಮಂಜು ಕರಗಿಸುವ ವ್ಯವಸ್ಥೆಯ ಮೇಲೆ.

ಈ ಬಗೆಯ ಫ್ರಿಜ್‌ಗಳಲ್ಲಿ ತಂಪು ಮಾಡುವ ಕೊಳವೆಯ ಸುರುಳಿ, ಅಂದರೆ ಕಾಯಿಲ್, ಸಾಮಾನ್ಯವಾಗಿ ಒಂದೇ. ಅದು ಫ್ರೀಜರ್‌ನ ಹಿಂಬದಿಯ ಪ್ಲಾಸ್ಟಿಕ್ ಪ್ಯಾನೆಲ್ ಮರೆಯಲ್ಲಿರುತ್ತೆ. ಕೆಳಭಾಗಕ್ಕೆ ಸ್ವಂತ ಕಾಯಿಲ್ ಇಲ್ಲ, ಮೇಲಿನ ಫ್ಯಾನ್ ತಳ್ಳಿದ ಗಾಳಿಯೇ ಗತಿ. ಕಾಯಿಲ್ ಮೇಲೆ ಕೂರುವ ಮಂಜನ್ನು ದಿನಕ್ಕೆ ಎರಡು ಮೂರು ಸಲ ಹೀಟರ್ ಕರಗಿಸಬೇಕು. ಅದು ಕೈಕೊಟ್ಟರೆ ಮಂಜು ಗಟ್ಟಿಯಾಗಿ ಗೋಡೆ ಕಟ್ಟುತ್ತೆ, ಗಾಳಿಗೆ ದಾರಿ ಮುಚ್ಚುತ್ತೆ. ಮೇಲೆ ತಂಪು ಇದ್ದೇ ಇರುತ್ತೆ, ಕೆಳಗೆ ಇಳಿಯೋದಿಲ್ಲ.

ಆದರೆ ‘ಐಸ್ ಆಗುತ್ತೆ’ ಅನ್ನೋದೊಂದನ್ನೇ ನಂಬಬೇಡಿ. ಮೈನಸ್ 6 ಡಿಗ್ರಿಯಲ್ಲೂ ಐಸ್ ಆಗುತ್ತೆ, ಫ್ರೀಜರ್ ಇರಬೇಕಾದ್ದು ಮೈನಸ್ 18ರ ಆಸುಪಾಸು. ಐಸ್‌ಕ್ರೀಮ್ ಕಲ್ಲಿನಂತಿದೆಯಾ, ಚಮಚ ಸಲೀಸಾಗಿ ಇಳಿಯುತ್ತಾ ನೋಡಿ. ಸಲೀಸಾಗಿ ಇಳಿದರೆ ಫ್ರೀಜರ್ ಕೂಡ ಸೋತಿದೆ, ಆಗ ಗ್ಯಾಸಿನ ಮಾತಿಗೆ ಬೆಲೆ ಬರುತ್ತೆ. ಕೆಳಭಾಗಕ್ಕೆ ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಅದ್ದಿ ರಾತ್ರಿಯಿಡೀ ಬಿಡಿ. ಬೆಳಗ್ಗೆ 3ರಿಂದ 5 ಡಿಗ್ರಿ ತೋರಿಸಬೇಕು.

ಬಿಚ್ಚುವ ಮುಂಚೆ ಎರಡು ಸಣ್ಣ ಪರೀಕ್ಷೆ ಮಾಡಿ. ಫ್ರೀಜರ್ ಬಾಗಿಲು ತೆಗೆದು, ಚೌಕಟ್ಟಿನಲ್ಲಿರುವ ಸ್ವಿಚ್ಚನ್ನು ಬೆರಳಿನಿಂದ ಒತ್ತಿ ಹಿಡಿಯಿರಿ. ಕಂಪ್ರೆಸರ್ ಓಡುತ್ತಿದ್ದರೆ ಒಳಗೆ ಫ್ಯಾನ್ ಸದ್ದು ಕೇಳಬೇಕು. ಕೇಳದಿದ್ದರೆ ಫ್ಯಾನ್ ಕೆಟ್ಟಿದೆ ಅಥವಾ ಮಂಜಿನಲ್ಲಿ ಸಿಕ್ಕಿಕೊಂಡಿದೆ. ಕರಕರ ಅಂತ ಏನೋ ಕೆರೆದಂತೆ ಕೇಳಿದರೆ ಮಂಜೇ. ಇನ್ನು ಬಾಗಿಲಿನ ಸಂದಿಗೆ ನೋಟು ಸಿಕ್ಕಿಸಿ ಎಳೆಯಿರಿ. ಬಿಗಿ ಇಲ್ಲದೆ ಜಾರಿ ಬಂದ ಕಡೆ ಗ್ಯಾಸ್ಕೆಟ್ (ಬಾಗಿಲಿನ ರಬ್ಬರ್ ಪಟ್ಟಿ) ಸಡಿಲ, ಅಲ್ಲಿಂದ ತೇವದ ಗಾಳಿ ಒಳಹೋಗಿ ಮಂಜು ಹೆಚ್ಚುತ್ತೆ.

ಈಗ ಅಸಲು ವಿಷಯ. ಪ್ಲಗ್ ಕಿತ್ತು, ಫ್ರೀಜರ್ ಖಾಲಿ ಮಾಡಿ, ಹಿಂದಿನ ಪ್ಯಾನೆಲ್‌ನ ಸ್ಕ್ರೂ ಬಿಚ್ಚಿ. ಪ್ಯಾನೆಲ್ ಮಂಜಿಗೆ ಅಂಟಿಕೊಂಡು ಬರದಿದ್ದರೆ ಅಲ್ಲಿಗೇ ಉತ್ತರ ಸಿಕ್ಕಿತು, ಎಳೆದು ಮುರಿಯಬೇಡಿ. ಬಂದರೆ, ಕರಗುವ ಮುಂಚೆ ಕಾಯಿಲ್ ನೋಡಿ. ಇಡೀ ಕಾಯಿಲ್ ದಪ್ಪ ಬಿಳಿ ಮಂಜಿನಲ್ಲಿ ಹೂತಿದ್ದರೆ ಡಿಫ್ರಾಸ್ಟ್ ದೋಷ. ಗ್ಯಾಸ್ ಬರುವ ಕಡೆಯ ಒಂದೆರಡು ಸುತ್ತಿಗೆ ಮಾತ್ರ ಮಂಜು, ಉಳಿದದ್ದು ಬೋಳು ಅಂದರೆ ಗ್ಯಾಸ್ ಕಡಿಮೆ. ಮೆಕ್ಯಾನಿಕ್‌ಗೆ ಇದನ್ನೇ ತೋರಿಸಲು ಹೇಳಿ. ಕಾಯಿಲ್ ನೋಡದೆ ಗ್ಯಾಸ್ ಅನ್ನುವವರಿಗೆ ದುಡ್ಡು ಕೊಡುವ ಅಗತ್ಯವಿಲ್ಲ.

ಡಿಫ್ರಾಸ್ಟ್ ದೋಷ ಅಂತಾದರೆ ಎರಡೂ ಬಾಗಿಲು ತೆಗೆದು 24 ಗಂಟೆ ಬಿಡಿ, ಕೆಳಗೆ ಹಳೇ ಬಟ್ಟೆ ಹಾಸಿ, ಕಂಪ್ರೆಸರ್ ಮೇಲಿನ ನೀರಿನ ತಟ್ಟೆ ತುಂಬಿ ಹರಿಯದಂತೆ ನೋಡಿಕೊಳ್ಳಿ. ಚಾಕು, ಸ್ಕ್ರೂಡ್ರೈವರ್ ಹಾಕಿ ಕೆರೆಯಬೇಡಿ. ಅಲ್ಯೂಮಿನಿಯಂ ಕಾಯಿಲ್‌ಗೆ ತೂತು ಬಿದ್ದರೆ ಆಗ ನಿಜವಾಗಿಯೂ ಗ್ಯಾಸ್ ಖಾಲಿ. ಬರೀ ಕರಗಿಸಿದರೂ ಫ್ರಿಜ್ ಕೆಲ ದಿನ ಹೊಸದರಂತೆ ಓಡುತ್ತೆ, ಆಮೇಲೆ ಅದೇ ಕಥೆ. ಹಾಗಾಗಿ ಕಾಯಿಲ್ ಬಯಲಾದಾಗಲೇ, ಪ್ಲಗ್ ಕಿತ್ತೇ, ಮಲ್ಟಿಮೀಟರ್ ಹಿಡಿಯಿರಿ.

ಹೀಟರ್‌ನ ಓಮ್ ಲೆಕ್ಕ ಸುಲಭ. ಮನೆಯ ಕರೆಂಟ್ 230 ವೋಲ್ಟ್, 230ರ ವರ್ಗ 52,900, ಅದನ್ನು ಹೀಟರ್ ಮೇಲಿರುವ ವ್ಯಾಟ್‌ನಿಂದ ಭಾಗಿಸಿ. 150 ವ್ಯಾಟ್‌ನದ್ದಾದರೆ ಸುಮಾರು 350 ಓಮ್ ಬರಬೇಕು. ಮೀಟರ್ ಅಲ್ಲಾಡದಿದ್ದರೆ ಹೀಟರ್ ತುಂಡಾಗಿದೆ. ಥರ್ಮಲ್ ಫ್ಯೂಸ್ ಕೋಣೆಯ ಬಿಸಿಯಲ್ಲೇ ಕಂಟಿನ್ಯುಟಿ (ಕರೆಂಟ್ ಹರಿಯಲು ದಾರಿ ಇದೆ ಅನ್ನೋ ಸೂಚನೆ) ತೋರಿಸಬೇಕು, ಇಲ್ಲದಿದ್ದರೆ ಸುಟ್ಟಿದೆ. ಅದನ್ನು ತಂತಿ ಸುತ್ತಿ ಬೈಪಾಸ್ ಮಾಡುವವರಿದ್ದಾರೆ, ಬೇಡ. ಹೀಟರ್ ಆಫ್ ಆಗದೇ ಹೋದರೆ ಪ್ಲಾಸ್ಟಿಕ್ ಕರಗದಂತೆ ಕಾಯುವ ಕೊನೆಯ ಕಾವಲು ಅದೇ.

ಬೈಮೆಟಲ್ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಇದು ಹೀಟರ್‌ನ ಸ್ವಿಚ್. ಕಾಯಿಲ್‌ಗೆ ಕಚ್ಚಿಸಿರುವ ಈ ದುಂಡು ಬಿಲ್ಲೆ ಚಳಿಯಲ್ಲಿ ಮಾತ್ರ ಕೂಡಿಕೊಳ್ಳುತ್ತೆ, ಕೋಣೆಯ ಬಿಸಿಯಲ್ಲಿ ಬಿಟ್ಟುಕೊಂಡಿರುವುದೇ ಸರಿ. ಮೇಜಿನ ಮೇಲಿಟ್ಟು ಅಳೆದು ‘ಓಪನ್’ ಅಂತ ಎಸೆಯಬೇಡಿ. ಮೂರು ಪಾಲು ಪುಡಿ ಐಸಿಗೆ ಒಂದು ಪಾಲು ಕಲ್ಲುಪ್ಪು ಬೆರೆಸಿ, ಬಿಲ್ಲೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ನೀರು ತಾಗದಂತೆ ಕಾಲು ಗಂಟೆ ಹೂತಿಡಿ. ‘ಟಿಕ್’ ಅಂದು ಕಂಟಿನ್ಯುಟಿ ಬಂದರೆ ಸರಿಯಿದೆ.

ಮೂರೂ ಸರಿಯಿದ್ದರೆ ಉಳಿದದ್ದು ಟೈಮರ್, ಹೀಟರನ್ನು ಹೊತ್ತುಹೊತ್ತಿಗೆ ಆನ್ ಮಾಡುವ ಗಡಿಯಾರ. ಪ್ಯಾನೆಲ್ ಮರಳಿ ಹಾಕಿ, ಪ್ಲಗ್ ಸಿಕ್ಕಿಸಿ. ಕಂಪ್ರೆಸರ್ ಓಡುವಾಗ ಟೈಮರ್‌ನ ತಿರುಪನ್ನು ಸ್ಕ್ರೂಡ್ರೈವರ್‌ನಿಂದ ಬಲಕ್ಕೆ ನಿಧಾನ ತಿರುಗಿಸಿದರೆ ಕ್ಲಿಕ್ ಅಂದು ಕಂಪ್ರೆಸರ್ ನಿಲ್ಲಬೇಕು. ತಿರುಪಿನ ಮೇಲೆ ಪೆನ್ನಿನಲ್ಲಿ ಗೆರೆ ಎಳೆದು ಬಿಡಿ, ಕಂಪ್ರೆಸರ್ ಕೆಲವು ಗಂಟೆ ಓಡಿದ ಮೇಲೂ ಗೆರೆ ಕದಲದಿದ್ದರೆ ಟೈಮರ್ ಸತ್ತಿದೆ. ಇನ್ವರ್ಟರ್ ಮಾಡೆಲ್‌ಗಳಲ್ಲಿ ಟೈಮರ್ ಬದಲು ಸೆನ್ಸರ್ ಮತ್ತು ಬೋರ್ಡ್ ಇರುತ್ತೆ, ಅಲ್ಲಿಗೆ ಸರ್ವಿಸ್‌ನವರನ್ನೇ ಕರೆಯಿರಿ. ಬಿಡಿಭಾಗ ಕೊಳ್ಳಲು ಹಳೆಯದನ್ನೂ ಮಾಡೆಲ್ ನಂಬರನ್ನೂ ಒಯ್ಯಿರಿ.

ಒಂದು ವೇಳೆ ಗ್ಯಾಸೇ ಕಡಿಮೆ ಅಂತಾದರೆ ನೆನಪಿಡಿ, ಗ್ಯಾಸ್ ಬಳಸಿ ಬಳಸಿ ತೀರುವ ವಸ್ತುವಲ್ಲ, ಎಲ್ಲೋ ಸೋರಿಕೆ ಇದೆ. ಅದನ್ನು ಹುಡುಕಿ ಮುಚ್ಚಿ, ಫಿಲ್ಟರ್ ಬದಲಿಸಿ, ಕೊಳವೆಯೊಳಗಿನ ಗಾಳಿ ಎಳೆದು ವ್ಯಾಕ್ಯೂಮ್ ಮಾಡಿ, ಲೇಬಲ್‌ನಲ್ಲಿ ಬರೆದಷ್ಟೇ ಗ್ರಾಂ ತೂಗಿ ಹಾಕಬೇಕು. ಲೇಬಲ್ ಮೇಲೆ ಆರ್600ಎ ಅಂತಿದ್ದರೆ ಅದು ಐಸೋಬ್ಯೂಟೇನ್, ಹೊತ್ತಿಕೊಳ್ಳುವ ಗ್ಯಾಸ್. ಮುಚ್ಚಿದ ಅಡುಗೆಮನೆಯಲ್ಲಿ ಬೆಂಕಿ ಹಿಡಿದು ಬೆಸುಗೆ ಹಾಕಲು ಬಿಡಬೇಡಿ.