ಮರಡಿಹಳ್ಳಿಯ ದಿಂಬುಗಲ್ಲು, ದುರ್ಗದ ಬಂಡೆ ಎರಡೂ ಒಂದೇನಾ?

ಮಗಳ ಪ್ರಾಜೆಕ್ಟಿಗಾಗಿ, ಮರಡಿಹಳ್ಳಿಯ ಕಲ್ಲೂ ಚಿತ್ರದುರ್ಗದ ಕೋಟೆಯ ಬಂಡೆಯೂ ಒಂದೇನಾ ಅಂತ ಕೇಳಿದ್ದೀರಿ. ನೀವು ಐಮಂಗಲದ ಹತ್ತಿರ ಮರಡಿಹಳ್ಳಿಯಲ್ಲಿ ನೋಡಿದ ಉರುಟು ಕಲ್ಲು ದಿಂಬು ಲಾವಾ ಇರಬೇಕು. ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನಡಿ ಉಕ್ಕಿದ ಲಾವಾ, ಅಂದರೆ ಕರಗಿದ ಕಲ್ಲು, ತಟ್ಟನೆ ತಣ್ಣಗಾಗಿ ಉಂಡೆಉಂಡೆಯಾಗಿ ಗಟ್ಟಿಯಾದದ್ದು. ಕೋಟೆಯ ಬಂಡೆ ಬೇರೆ. ಅದು ಗ್ರಾನೈಟ್, ನೆಲದಾಳದಲ್ಲಿ ನಿಧಾನಕ್ಕೆ ಆರಿದ್ದು. ಬಿಸಿಲು ಮಳೆಗೆ ಮೂಲೆ ಸವೆದು ದುಂಡಗಾಗಿದೆ ಅಷ್ಟೇ.

ಮಗಳನ್ನು ಮೊದಲು ಕೋಟೆಗೆ ಕರೆದುಕೊಂಡು ಹೋಗಿ. ಬಂಡೆಯನ್ನು ತೀರಾ ಹತ್ತಿರದಿಂದ ನೋಡಲಿ, ನಿಧಾನಕ್ಕೆ ಆರಿದ್ದರಿಂದ ಹರಳುಗಳು ಬಿಡಿಬಿಡಿಯಾಗಿ ಕಾಣುತ್ತವೆ. ಆಮೇಲೆ ಮರಡಿಹಳ್ಳಿ. ಅಲ್ಲಿ ಕಲ್ಲು ಕಪ್ಪು ಹಸಿರು, ತಟ್ಟನೆ ತಣ್ಣಗಾದದ್ದರಿಂದ ಹರಳು ಬರಿಗಣ್ಣಿಗೆ ಸಿಗುವುದು ಕಷ್ಟ. ಮೂಟೆ ಪೇರಿಸಿದ ಹಾಗೆ ಒಂದು ದಿಂಬಿನ ತುದಿ ಇನ್ನೆರಡರ ಸಂದಿಗೆ ಹೊಕ್ಕಿರುವ ಜಾಗ ಹುಡುಕಿ. ನನಗಂತೂ ಅದೇ ಜಾಸ್ತಿ ಇಷ್ಟ. ಪ್ರಾಜೆಕ್ಟಿಗೆ ಅಂತ ಒಂದು ಚೂರನ್ನೂ ಒಡೆಯಬೇಡಿ, ಮರಡಿಹಳ್ಳಿಯ ಆ ಜಾಗ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಫೋಟೋ ತೆಗೆಯುವಾಗ ಪಕ್ಕದಲ್ಲಿ ಒಂದು ಸ್ಕೇಲ್ ಇಡಿ, ಅಳತೆ ಗೊತ್ತಾಗುತ್ತದೆ.