3.2 ಬಂದ ಹುಡುಗನಿಗೆ ಕಾಲೇಜು ಸಿಗುತ್ತದೆಯೇ?

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಿಂದ ಓದುಗರೊಬ್ಬರು ಬರೆದಿದ್ದಾರೆ: “ಹನ್ನೊಂದನೆಯ ತರಗತಿಯಲ್ಲಿರುವ ಮಗನ ಜಿಪಿಎ 3.2. ನಾಲ್ಕಕ್ಕೆ 3.2 ಎಂದರೆ ಶೇ 80, ನಮ್ಮ ಕಾಲದ ಫಸ್ಟ್ ಕ್ಲಾಸ್. ಆದರೂ ಇಲ್ಲಿನ ಪರಿಚಿತರು ಅಯ್ಯೋ ಪಾಪ ಎನ್ನುತ್ತಾರೆ. ಇಷ್ಟಕ್ಕೆ ಒಳ್ಳೆಯ ಕಾಲೇಜು ಸಿಗುವುದೇ?”

ಮಾನ್ಯರೇ,

ಮೊದಲು ಆ ಶೇ 80ರ ಲೆಕ್ಕವನ್ನು ಕೈಬಿಡಿ. ಜಿಪಿಎ ಎಂದರೆ ಗ್ರೇಡ್‌ಗಳ ಸರಾಸರಿ: ‘ಎ’ಗೆ 4, ‘ಬಿ’ಗೆ 3, ‘ಸಿ’ಗೆ 2. 3.2 ಎಂದರೆ ಹೆಚ್ಚಿನ ವಿಷಯಗಳಲ್ಲಿ ಬಿ, ಅಲ್ಲಲ್ಲಿ ಎ, ಅಷ್ಟೇ. ಅಮೆರಿಕದ ಶಿಕ್ಷಣ ಇಲಾಖೆಯ ಅಧ್ಯಯನದ ಪ್ರಕಾರ 2019ರಲ್ಲಿ ಹೈಸ್ಕೂಲು ಮುಗಿಸಿದವರ ಸರಾಸರಿ ಜಿಪಿಎ 3.11. 1990ರಲ್ಲಿ ಅದು 2.68 ಇತ್ತು. ನಿಮ್ಮ ಮಗ ದೇಶದ ಸರಾಸರಿಗಿಂತ ತುಸು ಮೇಲೆಯೇ ಇದ್ದಾನೆ. ನಿಮ್ಮ ಪರಿಚಿತರ ಮನೆಗಳಲ್ಲಿ ನಾಲ್ಕಕ್ಕಿಂತ ಕಡಿಮೆ ಬಂದರೆ ಸೂತಕ ಹಿಡಿಯುತ್ತದೆ ಎಂದಾದರೆ ಅದು ಅವರ ಸಂಕಟ.

ನಮ್ಮ ಸಿಇಟಿಯಲ್ಲಿ ಎಂಜಿನಿಯರಿಂಗ್‌ಗೆ ಪಿಯುಸಿ ಅಂಕ ಅರ್ಧ, ಪರೀಕ್ಷೆಯ ಅಂಕ ಅರ್ಧ ಕೂಡಿಸಿ ರ‍್ಯಾಂಕ್ ಕೊಡುತ್ತಾರೆ; ಆಮೇಲೆ ಅಂಕಪಟ್ಟಿಯನ್ನು ಯಾರೂ ಬಿಡಿಸಿ ಓದುವುದಿಲ್ಲ. ಅಮೆರಿಕದ ಅನೇಕ ಕಾಲೇಜುಗಳಲ್ಲಿ ಅದನ್ನು ಬಿಡಿಸಿ ಓದುತ್ತಾರೆ. ಅಂಕಪಟ್ಟಿಯ ಜೊತೆಗೆ ಶಾಲೆಯ ವಿವರವೂ ಹೋಗುತ್ತದೆ. ಹತ್ತಾರು ಎಪಿ (ಕಾಲೇಜು ಮಟ್ಟದ) ಕೋರ್ಸ್‌ಗಳಿದ್ದ ಶಾಲೆಯಲ್ಲಿ ಒಂದನ್ನೂ ಮುಟ್ಟದೆ ಗಳಿಸಿದ 3.2ಕ್ಕೂ ಕಠಿಣ ವಿಷಯಗಳನ್ನು ತೆಗೆದುಕೊಂಡು ಏಗಿ ಗಳಿಸಿದ 3.2ಕ್ಕೂ ಒಂದೇ ಬೆಲೆಯಿಲ್ಲ.

ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾವನ್ನೇ (ಯುಸಿ) ನೋಡಿ. ಜಿಪಿಎ ಲೆಕ್ಕಕ್ಕೆ ಅದು ಒಂಬತ್ತನೆಯ ತರಗತಿಯ ಗ್ರೇಡ್‌ಗಳನ್ನು ಸೇರಿಸುವುದೇ ಇಲ್ಲ. ಹತ್ತು, ಹನ್ನೊಂದರದ್ದು ಮಾತ್ರ. ಎಪಿ ಕೆಮಿಸ್ಟ್ರಿಯಲ್ಲಿ ಬಿ ಬಂದರೆ ಅದಕ್ಕೆ 3ರ ಬದಲು 4 ಹಾಕುತ್ತದೆ (ಈ ಹೆಚ್ಚುವರಿಗೆ ಎಂಟು ಸೆಮಿಸ್ಟರ್‌ಗಳ ಮಿತಿಯಿದೆ). ಒಂಬತ್ತರಲ್ಲಿ ಜಾಮಿಟ್ರಿಯಲ್ಲಿ ಸಿ ತಂದು ಆಮೇಲೆ ಚೇತರಿಸಿಕೊಂಡವನಾದರೆ ನಿಮ್ಮ ಮಗನ ಅಂಕ ಅಲ್ಲಿ 3.5ರ ಹತ್ತಿರ ಹೋದರೂ ಹೋದೀತು. ಮನೆಯಲ್ಲಿ ಕುಳಿತು ಒಮ್ಮೆ ಕೂಡಿಸಿ ನೋಡಿ.

ಹಾಗೆಂದು ಆಸೆ ಹುಟ್ಟಿಸುವುದಿಲ್ಲ. ರಾಜ್ಯದವರಿಗೆ 3.0 ಎಂಬುದು ಅರ್ಜಿ ಹಾಕುವ ಅರ್ಹತೆ ಮಾತ್ರ. ಯುಸಿಯದೇ ಕ್ಯಾಂಪಸ್‌ಗಳಾದ ಬರ್ಕ್ಲಿ, ಯುಸಿಎಲ್‌ಎಗಳಲ್ಲಿ ಈ ಅಂಕದವರಿಗೆ ಸೀಟು ಸಿಗುವುದು ತೀರಾ ಅಪರೂಪ. ಎಸ್‌ಎಟಿ ಎಂಬ ಪ್ರವೇಶ ಪರೀಕ್ಷೆಯಲ್ಲಿ ಮೇಲೆತ್ತೋಣವೆಂದರೆ ಈ ವಿಶ್ವವಿದ್ಯಾಲಯ ಪ್ರವೇಶಕ್ಕೆ ಅದನ್ನು ನೋಡುವುದೇ ಇಲ್ಲ. ಯುಸಿಯಲ್ಲೇ ಪೈಪೋಟಿ ಕಡಿಮೆಯಿರುವ ಮರ್ಸೆಡ್ ಕ್ಯಾಂಪಸ್‌ಗೆ ಅರ್ಜಿ ಹಾಕಿ. ಯುಸಿಯಿಂದ ಬೇರೆಯಾದ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಗೆ ರಾಜ್ಯದವರಿಗೆ 2.5 ಸಾಕು, ಆದರೆ ಅದರ ಕ್ಯಾಂಪಸ್ ಆದ ಸ್ಯಾನ್ ಹೋಸೆ ಸ್ಟೇಟ್‌ನ ಕಂಪ್ಯೂಟರ್ ಸೈನ್ಸ್‌ನಂಥ ವಿಭಾಗಗಳಲ್ಲಿ ನೂಕುನುಗ್ಗಲು.

ನನ್ನನ್ನು ಕೇಳಿದರೆ, ನಿಮ್ಮೂರಿನಲ್ಲೇ ಓಲೋನಿ ಕಾಲೇಜು ಇದೆ. ಎರಡು ವರ್ಷ ಓದುವ ಇಂಥ ಸ್ಥಳೀಯ ಕಮ್ಯುನಿಟಿ ಕಾಲೇಜು ಎಂದರೆ ನಮ್ಮವರು ಮೂಗು ಮುರಿಯುತ್ತಾರೆ, ಏಕೋ ತಿಳಿಯದು. ಅಲ್ಲಿ ಎರಡು ವರ್ಷ ಚೆನ್ನಾಗಿ ಓದಿದರೆ ಡೇವಿಸ್, ಅರ್ವೈನ್ ಸೇರಿದಂತೆ ಯುಸಿಯ ಆರು ಕ್ಯಾಂಪಸ್‌ಗಳು, ಕೆಲವು ವಿಭಾಗಗಳನ್ನು ಬಿಟ್ಟು, ನಿಗದಿತ ಷರತ್ತು ಪೂರೈಸಿದವರಿಗೆ ಮೂರನೆಯ ವರ್ಷಕ್ಕೆ ಪ್ರವೇಶದ ಖಾತರಿಯನ್ನೇ ಕೊಡುತ್ತವೆ. ಆಗ ಹೈಸ್ಕೂಲಿನ ಜಿಪಿಎ ಲೆಕ್ಕಕ್ಕೇ ಬರುವುದಿಲ್ಲ.

ಹನ್ನೆರಡನೆಯ ತರಗತಿಯಲ್ಲಿ ಹಗುರವಾದ ವಿಷಯಗಳನ್ನು ಆರಿಸಿಕೊಳ್ಳಲು ಬಿಡಬೇಡಿ. ಸೀಟು ಕೊಟ್ಟ ಮೇಲೂ ಕೊನೆಯ ಅಂಕಪಟ್ಟಿ ತರಿಸಿಕೊಳ್ಳುತ್ತಾರೆ. ಅದರಲ್ಲಿ ಡಿ ಕಂಡರೆ ಕೊಟ್ಟ ಸೀಟನ್ನು ಹಿಂದಕ್ಕೆ ಪಡೆಯುವುದೂ ಉಂಟು.

— ಸಂಪಾದಕ