ಬಣ್ಣ ಒಂದೇ, ಚಿಟ್ಟೆ ಬೇರೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸರ್, ಜೊತೆಗಿರೋ ಎರಡೂ ಫೋಟೋದಲ್ಲಿರೋದು ಒಂದೇ ಚಿಟ್ಟೆ. ಮೈಯೆಲ್ಲ ಕಿತ್ತಳೆ ಬಣ್ಣ, ಮುಂದಿನ ರೆಕ್ಕೆ ತುದಿ ಕಪ್ಪು, ಅದರೊಳಗೆ ಬಿಳಿ ಪಟ್ಟೆ. ಆ್ಯಪ್‌ಗೆ ಹಾಕಿದ್ರೆ ಒಂದು ಫೋಟೋಗೆ ಪ್ಲೈನ್ ಟೈಗರ್ ಅನ್ನತ್ತೆ, ಇನ್ನೊಂದಕ್ಕೆ ಡನೈಡ್ ಎಗ್‌ಫ್ಲೈ ಅನ್ನತ್ತೆ. ಯಾವುದನ್ನ ನಂಬ್ಲಿ?

ಉತ್ತರ: ಆ್ಯಪನ್ನ ಸ್ವಲ್ಪ ಹೊತ್ತು ಪಕ್ಕಕ್ಕಿಡಿ, ಮುಂದಿನ ರೆಕ್ಕೆಯನ್ನೂ ಮರೆತುಬಿಡಿ. ಎಲ್ರೂ ಎಡವೋದೇ ಅಲ್ಲಿ, ಯಾಕಂದ್ರೆ ಕಣ್ಣು ಸೀದಾ ಹೋಗೋದು ಆ ಕಪ್ಪು-ಬಿಳಿ ತುದಿಗೆ, ಅದು ನೋಡಿದ್ರೆ ಎರಡ್ರಲ್ಲೂ ಹೆಚ್ಚುಕಮ್ಮಿ ಒಂದೇ ಥರ. ಹಿಂದಿನ ರೆಕ್ಕೆ ಝೂಮ್ ಮಾಡಿ. ರೆಕ್ಕೆ ಬುಡದಿಂದ ನಡುವಿನ ತನಕ, ಸುತ್ತ ನರ ಇರೋ ಒಂದು ಉದ್ದನೆ ಜಾಗ ಕಾಣತ್ತಲ್ಲ, ಅದಕ್ಕೆ ಸೆಲ್ ಅಂತಾರೆ. ಪ್ಲೈನ್ ಟೈಗರ್ ಆದ್ರೆ ಆ ಸೆಲ್ಲಿನ ಅಂಚಲ್ಲಿ ಮೂರು ಕಪ್ಪು ಚುಕ್ಕೆ ಇರತ್ತೆ, ಗಂಡಾದ್ರೆ ಅದರ ಕೆಳಗೆ ಇನ್ನೂ ಒಂದು, ಅದು ವಾಸನೆ ಸೂಸೋ ಪುಟ್ಟ ಚೀಲ, ರೆಕ್ಕೆ ಮಡಚಿದಾಗ ಅಡಿಯಿಂದ ನೋಡಿದ್ರೆ ನಡುವೆ ಬೆಳ್ಳಗೆ ಕಾಣತ್ತೆ. ಎಗ್‌ಫ್ಲೈ ಹೆಣ್ಣಲ್ಲಿ ನಡುಭಾಗ ಖಾಲಿ, ಮೇಲಿನ ಅಂಚಿನ ಹತ್ರ ಒಂದೇ ಒಂದು ಕಪ್ಪು ಮಚ್ಚೆ. ತೊಂದ್ರೆ ಏನಂದ್ರೆ ಚಿಟ್ಟೆ ಮುಂದಿನ ರೆಕ್ಕೆನ ಸ್ವಲ್ಪ ಕೆಳಗೆ ಇಳಿಬಿಟ್ರೂ ಆ ಮಚ್ಚೆ ಅದರಡಿ ಸೇರ್ಕೊಳ್ಳತ್ತೆ, ನಿಮ್ಮ ಮೊದಲನೇ ಫೋಟೋದಲ್ಲಿ ಆಗಿರೋದು ಅದೇ. ಎರಡನೇದ್ರಲ್ಲಿ ಮಚ್ಚೆ ಅರ್ಧ ಇಣುಕ್ತಾ ಇದೆ, ನಡುಭಾಗ ಖಾಲಿ ಇದೆ, ರೆಕ್ಕೆ ಅಂಚೂ ಸ್ವಲ್ಪ ಅಲೆಅಲೆಯಾಗಿದೆ. ನಿಮ್ಮದು ಎಗ್‌ಫ್ಲೈ ಹೆಣ್ಣು, ಅನುಮಾನ ಬೇಡ.

ಇಷ್ಟು ಹೋಲಿಕೆ ಸುಮ್ನೆ ಬಂದಿದ್ದಲ್ಲ. ಪ್ಲೈನ್ ಟೈಗರ್ ಹುಳು ಎಕ್ಕದ ಜಾತಿ ಗಿಡ ತಿಂದು ಅದರ ವಿಷನ ಮೈಯಲ್ಲೇ ಇಟ್ಕೊಂಡಿರತ್ತೆ, ಅದನ್ನ ತಿಂದು ಬಾಯಿ ಕೆಡಿಸ್ಕೊಂಡ ಹಕ್ಕಿ ಆಮೇಲೆ ಆ ವೇಷ ಕಂಡ್ರೆ ದೂರ, ಹಾಗಾಗಿ ವಿಷ ಇಲ್ಲದ ಎಗ್‌ಫ್ಲೈ ಹೆಣ್ಣೂ ಅದೇ ವೇಷ ಹಾಕ್ಕೊಂಡು ಬಚಾವಾಗತ್ತೆ. ಈ ಥರದ ಅನುಕರಣೆನ 1862ರಲ್ಲಿ ಮೊದಲು ವಿವರಿಸಿದ್ದು ನಿಸರ್ಗ ವಿಜ್ಞಾನಿ ಹೆನ್ರಿ ವಾಲ್ಟರ್ ಬೇಟ್ಸ್, ಅಮೆಜಾನ್ ಕಾಡಿನ ಚಿಟ್ಟೆಗಳನ್ನ ಇಟ್ಕೊಂಡು. ಇನ್ನೂ ಮಜಾ ಏನಂದ್ರೆ ಆಫ್ರಿಕಾ ಕಡೆ ಪ್ಲೈನ್ ಟೈಗರ್‌ದೇ ಬೇರೆ ರೂಪಗಳಿವೆ, ಒಂದಕ್ಕೆ ಹಿಂದಿನ ರೆಕ್ಕೆ ಬಿಳಿ, ಇನ್ನೊಂದಕ್ಕೆ ತುದಿಯ ಕಪ್ಪು-ಬಿಳಿನೇ ಇಲ್ಲ, ಎಗ್‌ಫ್ಲೈ ಹೆಣ್ಣು ಅವೆರಡಕ್ಕೂ ಸರಿಯಾಗಿ ಜೋಡಿ ರೂಪ ಮಾಡ್ಕೊಂಡಿದೆ! ಬಣ್ಣದ ಮೇಲೆ ನಂಬಿಕೆ ಇಟ್ಟವರು ಅಲ್ಲಿ ಮೂರು ಸಲ ಮೋಸ ಹೋಗ್ತಾರೆ, ಹಿಂದಿನ ರೆಕ್ಕೆ ಚುಕ್ಕೆ ಎಣಿಸೋರು ಒಂದ್ಸಲಾನೂ ಇಲ್ಲ. ಅಂದಹಾಗೆ ಎಗ್‌ಫ್ಲೈ ಗಂಡಿಗೂ ಇದಕ್ಕೂ ಸಂಬಂಧನೇ ಇಲ್ಲ ಅನ್ಸತ್ತೆ, ಅದು ಕಪ್ಪು, ಮೇಲೆ ದೊಡ್ಡ ಬಿಳಿ ಮಚ್ಚೆಗಳು, ಅದರ ಸುತ್ತ ನೇರಳೆ ಹೊಳಪು.

ಪ್ರಶ್ನೆ: ಕಪ್ಪು ರೆಕ್ಕೆ, ಹಿಂದೆ ಬಾಲ, ಬಿಳಿ ಮತ್ತು ಕೆಂಪು ಮಚ್ಚೆ. ಗ್ರೂಪಲ್ಲಿ ಕೆಲವರು ಕಾಮನ್ ರೋಸ್ ಅಂದ್ರು, ಕೆಲವರು ಕಾಮನ್ ಮಾರ್ಮನ್ ಹೆಣ್ಣು ಅಂದ್ರು, ಜಗಳಾನೇ ಆಗೋಯ್ತು. ಮಚ್ಚೆ ನೋಡಿ ಹೇಳೋಕೆ ಆಗತ್ತಾ ಮೇಡಂ/ಸರ್?

ಉತ್ತರ: ಮಚ್ಚೆ ನೋಡೋದೇ ಬೇಡ, ಮೈ ನೋಡಿ. ಕಾಮನ್ ರೋಸ್‌ಗೆ ತಲೆ, ಎದೆಯ ಪಕ್ಕ, ಹೊಟ್ಟೆ ಎಲ್ಲ ಕೆಂಪು. ಮಾರ್ಮನ್‌ಗೆ ಮೈ ಕಪ್ಪು. ನೀವು ಕಳಿಸಿದ ಫೋಟೋದಲ್ಲಿ ಹೂವಿನ ದಳದ ಸಂದಿಂದ ಹೊಟ್ಟೆ ತುದಿ ಒಂಚೂರು ಕಾಣತ್ತೆ, ಅದು ಕಡುಗಪ್ಪು, ಹಾಗಾಗಿ ಮಾರ್ಮನ್ ಹೆಣ್ಣು, ಗ್ರೂಪಲ್ಲಿ ಗೆದ್ದವರಿಗೆ ತಿಳಿಸಿ. ಕ್ರಿಮ್ಸನ್ ರೋಸ್‌ನ ಹೋಲೋ ಇನ್ನೊಂದು ರೂಪದ ಮಾರ್ಮನ್ ಹೆಣ್ಣಿಗೂ ಇದೇ ಲೆಕ್ಕ.

ಜಗಳ ಆಗಿದ್ದಕ್ಕೆ ಬೇಜಾರು ಮಾಡ್ಕೋಬೇಡಿ, ದೊಡ್ಡದೊಡ್ಡವರಿಗೇ ಇದು ತಲೆ ಕೆಡಿಸಿದೆ. ಮಾರ್ಮನ್ ಹೆಣ್ಣಿಗೆ ಮೂರು ರೂಪ, ಒಂದು ಗಂಡಿನ ಥರಾನೇ, ಉಳಿದೆರಡು ಈ ರೋಸ್‌ಗಳ ನಕಲು. ಇವೆಲ್ಲ ಒಂದೇ ಜಾತಿಯ ಹೆಣ್ಣುಗಳು ಅಂತ ನಿಸರ್ಗ ವಿಜ್ಞಾನಿ ಆಲ್ಫ್ರೆಡ್ ರಸೆಲ್ ವಾಲೇಸ್ 1865ರಲ್ಲಿ ಬಿಡಿಸಿ ಬರೆದ್ರು. ಯಾವ ರೂಪ ಬರ್ಬೇಕು ಅನ್ನೋದನ್ನ ತೀರ್ಮಾನಿಸೋದು ಡಬಲ್‌ಸೆಕ್ಸ್ ಅನ್ನೋ ಒಂದು ಜೀನ್ ಅಂತ ಗೊತ್ತಾಗಿದ್ದು 2014ರಲ್ಲಿ. ಒಂದು ಜೀನಿಗೆ ಇಷ್ಟು ಕೆಲಸ!

ಪ್ರಶ್ನೆ: ಸಣ್ಣ ಹಳದಿ ಚಿಟ್ಟೆ, ಹುಲ್ಲಲ್ಲಿ ಕೂತಿತ್ತು. ಕಾಮನ್ ಗ್ರಾಸ್ ಯೆಲ್ಲೋ ಅಂತ ಬರ್ಕೊಂಡಿದೀನಿ, ಸರಿನಾ?

ಉತ್ತರ: ಇರಬಹುದು, ಇಲ್ಲದೇನೂ ಇರಬಹುದು. ಮುಂದಿನ ರೆಕ್ಕೆ ಅಡಿಭಾಗದಲ್ಲಿ ಸೆಲ್ಲಿನೊಳಗೆ ಸಣ್ಣ ಕಂದು ಗುರುತು ಇರ್ತವೆ, ಕಾಮನ್‌ಗೆ ಸಾಮಾನ್ಯವಾಗಿ ಎರಡು, ತ್ರೀ-ಸ್ಪಾಟ್ ಗ್ರಾಸ್ ಯೆಲ್ಲೋಗೆ ಮೂರು. ನೀವು ಹಾಕಿರೋ ಫಿಲ್ಟರ್ ಆ ಗುರುತನ್ನೆಲ್ಲ ನುಂಗಿಬಿಟ್ಟಿದೆ, ಹಳದಿ ಮಾತ್ರ ನಿಂಬೆಹಣ್ಣಿನ ಹಾಗೆ ಮಿಂಚ್ತಾ ಇದೆ. ಫಿಲ್ಟರ್ ಇಲ್ಲದ ಒರಿಜಿನಲ್ ಇದ್ರೆ ಕಳಿಸಿ. ಗುರುತು ಮಸುಕಾಗಿರೋ ಚಿಟ್ಟೆಗಳೂ ಬೇಕಾದಷ್ಟಿವೆ, ಹಾಗಾಗಿ ಒಂದೇ ಚಿಟ್ಟೆ ನೋಡಿ ಪಟ್ಟು ಹಿಡಿಯೋದು ಬೇಡ.

ಪ್ರಶ್ನೆ: ಕಾಮನ್ ಕ್ರೋ ಮತ್ತು ಡಬಲ್-ಬ್ರಾಂಡೆಡ್ ಕ್ರೋ ವ್ಯತ್ಯಾಸ?

ಉತ್ತರ: ಗಂಡಿನ ಮುಂದಿನ ರೆಕ್ಕೆ ಮೇಲ್ಭಾಗದಲ್ಲಿ ಗೀಟಿನ ಥರ ಗುರುತು ಇರತ್ತೆ, ಅದಕ್ಕೆ ಬ್ರಾಂಡ್ ಅಂತಾರೆ, ಕಾಮನ್‌ಗೆ ಒಂದು, ಇನ್ನೊಂದಕ್ಕೆ ಎರಡು. ರೆಕ್ಕೆ ಮಡಚಿದ ಫೋಟೋದಲ್ಲಿ ಇದು ಕಾಣಲ್ಲ, ಹೆಣ್ಣಲ್ಲಿ ಇಷ್ಟು ಸ್ಪಷ್ಟವಾಗಿರಲ್ಲ.

ಪ್ರಶ್ನೆ: ಒಂದೇ ಜಾಗದಲ್ಲಿ ಮಳೆಗಾಲದಲ್ಲಿ ತೆಗೆದ ಕಂದು ಚಿಟ್ಟೆಗೆ ಕಣ್ಣಿನ ಥರ ಸಾಲು ಚುಕ್ಕೆ ಇತ್ತು. ಬೇಸಿಗೆಯಲ್ಲಿ ತೆಗೆದಿದ್ದಕ್ಕೆ ಏನೂ ಇಲ್ಲ, ಒಣಗಿದ ಎಲೆ ಥರ ಇದೆ. ಎರಡು ಜಾತಿ ಅಂತ ಲಿಸ್ಟಲ್ಲಿ ಹಾಕ್ಲಾ?

ಉತ್ತರ: ಹಾಕ್ಬೇಡಿ! ಎರಡೂ ಕಾಮನ್ ಈವ್ನಿಂಗ್ ಬ್ರೌನ್. ಉಷ್ಣವಲಯದ ಕಂದು ಚಿಟ್ಟೆಗಳಲ್ಲಿ ಬಹಳಷ್ಟಕ್ಕೆ ಹೀಗೆ ಎರಡು ಡ್ರೆಸ್ಸು, ಮಳೆಗಾಲಕ್ಕೆ ಒಂದು, ಒಣಗಾಲಕ್ಕೆ ಒಂದು. ಒಣಗಾಲದಲ್ಲಿ ಚಿಟ್ಟೆ ತರಗೆಲೆ ಮಧ್ಯೆ ಅಲ್ಲಾಡದೆ ಕೂತಿರತ್ತೆ, ಕಣ್ಣುಚುಕ್ಕೆ ಇದ್ರೆ ಸುಲಭವಾಗಿ ಸಿಕ್ಕಿಬೀಳತ್ತೆ. ಹಸಿರು ತುಂಬಿದ ಕಾಲದಲ್ಲಿ ಓಡಾಟ ಜಾಸ್ತಿ, ಆಗ ರೆಕ್ಕೆ ಅಂಚಿನ ಚುಕ್ಕೆ ಹಕ್ಕಿಯ ಕೊಕ್ಕನ್ನ ಮೈಯಿಂದ ದೂರ ಎಳೆಯತ್ತೆ, ರೆಕ್ಕೆ ಅಂಚು ಹರಿದ್ರೂ ಜೀವ ಉಳಿಯತ್ತೆ. ಇದರ ಬಗ್ಗೆ ಲ್ಯಾಬಲ್ಲಿ ತುಂಬಾ ಕೆಲಸ ಆಗಿರೋದು ಆಫ್ರಿಕಾದ ಬೈಸೈಕ್ಲಸ್ ಅನಿನಾನ ಅನ್ನೋ ಚಿಟ್ಟೆ ಮೇಲೆ, ಅದರ ಹುಳುನ ಬೆಚ್ಚಗೆ ಬೆಳೆಸಿದ್ರೆ ದೊಡ್ಡ ಕಣ್ಣುಚುಕ್ಕೆ, ತಂಪಲ್ಲಿ ಬೆಳೆಸಿದ್ರೆ ಚುಕ್ಕೆ ಸಣ್ಣದಾಗತ್ತೆ. ಹಾಗಾಗಿ ಫೋಟೋ ಕಳಿಸುವಾಗ ತಿಂಗಳು ಬರೆದೇ ಕಳಿಸಿ, ತಿಂಗಳು ಗೊತ್ತಿಲ್ಲದೆ ಕಂದು ಚಿಟ್ಟೆಗೆ ಹೆಸರು ಹೇಳೋದು ಕಷ್ಟ.

ಪ್ರಶ್ನೆ: ಯಾವ ಥರ ಫೋಟೋ ತೆಗೆದ್ರೆ ನಿಮಗೆ ಹೆಸರು ಹೇಳೋಕೆ ಈಸಿ?

ಉತ್ತರ: ಚಂದದ ಫೋಟೋ ಬೇಕಿಲ್ಲ. ಹಿಂದೆ ಬ್ಲರ್ ಆಗಿ, ಚಿಟ್ಟೆ ನಿಮ್ಮನ್ನೇ ನೋಡ್ತಿರೋ ಫೋಟೋಗೆ ಲೈಕ್ ಜಾಸ್ತಿ ಬರತ್ತೆ, ನಮಗೆ ಮಾತ್ರ ಅದು ಕೆಲಸಕ್ಕೆ ಬರಲ್ಲ. ರೆಕ್ಕೆಗೆ ಕ್ಯಾಮೆರಾ ನೇರವಾಗಿ ಇರ್ಬೇಕು, ಒಂದು ಕಡೆ ವಾಲಿದ್ರೆ ಪಟ್ಟೆ ಅಗಲ ತಪ್ಪಾಗಿ ಕಾಣತ್ತೆ, ಬ್ಲೂ ಟೈಗರ್ ಮತ್ತು ಡಾರ್ಕ್ ಬ್ಲೂ ಟೈಗರ್ ಮಧ್ಯೆ ವ್ಯತ್ಯಾಸ ಇರೋದೇ ಪಟ್ಟೆ ಅಗಲದಲ್ಲಿ, ಡಾರ್ಕ್‌ಗೆ ಸಣ್ಣ ಪಟ್ಟೆ, ಬ್ಲೂ ಟೈಗರ್‌ಗೆ ದಪ್ಪ. ಮೊದಲು ದೂರದಿಂದಲೇ ಒಂದು ಕ್ಲಿಕ್ ಮಾಡಿ, ಆಮೇಲೆ ಹತ್ರ ಹೋಗಿ, ನಿಮ್ಮ ನೆರಳು ಅದರ ಮೇಲೆ ಬೀಳದ ಹಾಗೆ. ರೆಕ್ಕೆ ಮೇಲೂ ಅಡಿಯೂ ಎರಡೂ ಸಿಕ್ಕಿದ್ರೆ ಹಬ್ಬ, ಒಂದೇ ಸಿಗೋದಾದ್ರೆ ನನ್ನ ಓಟು ಅಡಿಭಾಗಕ್ಕೆ. ವಾಟ್ಸಾಪಲ್ಲಿ ಹತ್ತು ಕಡೆ ತಿರುಗಿ ಬಂದ ಫೋಟೋ ಕಳಿಸ್ಬೇಡಿ, ಚುಕ್ಕೆಗಳು ಅರ್ಧ ದಾರಿಯಲ್ಲೇ ಉದುರಿರ್ತವೆ.

ಪ್ರಶ್ನೆ: ಕಂದು ಬಣ್ಣದ ಪುಟಾಣಿ ಸ್ವಿಫ್ಟ್ ಚಿಟ್ಟೆ, ರೆಕ್ಕೆಯಲ್ಲಿ ಬಿಳಿ ಚುಕ್ಕೆ. ಫೋಟೋ ಸಕ್ಕತ್ ಶಾರ್ಪ್ ಇದೆ. ಹೋದ ಸಲಾನೂ ಕಳಿಸಿದ್ದೆ, ಹೆಸರು ಹೇಳ್ಲೇ ಇಲ್ಲ ನೀವು.

ಉತ್ತರ: ಈ ಸಲಾನೂ ಹೇಳಲ್ಲ, ಕೋಪ ಮಾಡ್ಕೋಬೇಡಿ. ಫೋಟೋದಲ್ಲಿ ತಪ್ಪೇನೂ ಇಲ್ಲ. ಸ್ವಿಫ್ಟ್‌ಗಳಲ್ಲಿ ಕೆಲವನ್ನ ಪಕ್ಕಾ ಮಾಡ್ಬೇಕಂದ್ರೆ ಸತ್ತ ಚಿಟ್ಟೆಯ ಜನನಾಂಗನ ಮೈಕ್ರೋಸ್ಕೋಪಲ್ಲಿ ನೋಡ್ಬೇಕು, ರೆಕ್ಕೆ ಚುಕ್ಕೆ ಎಷ್ಟೇ ಶಾರ್ಪ್ ಇದ್ರೂ ಅಲ್ಲಿಗೆ ಸಾಲಲ್ಲ. ನಿಮ್ಮ ಲಿಸ್ಟಲ್ಲಿ ‘ಸ್ವಿಫ್ಟ್, ಜಾತಿ ಖಚಿತ ಇಲ್ಲ’ ಅಂತ ಬರೆದು, ತಾರೀಕು, ಜಾಗ, ಕೂತಿದ್ದ ಗಿಡ ಇಷ್ಟನ್ನ ಪಕ್ಕದಲ್ಲಿ ಹಾಕಿಡಿ.